ಮೂಲೆಯ ‘ಎಫ್’ ಅಳಿಸಿದರೆ ದವಡೆ ಹೇಳುತ್ತಾ ಗಂಡೋ ಹೆಣ್ಣೋ ಅಂತ?

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅವ್ವನಿಗೆ ಹಲ್ಲುನೋವು ಅಂತ ಬಳ್ಳಾರಿಯ ಒಂದು ಕ್ಲಿನಿಕ್‌ಗೆ ಹೋಗಿದ್ದೆವು. ಓಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌-ರೇ, ತೆಗೆಸಿ ಅಂದರು. ಓಲೆ, ಮೂಗುಬಟ್ಟು ಬಿಚ್ಚಿಸಿ, ಗದ್ದ ಊರಿಸಿ, “ಅವ್ವಾರ, ಇದನ್ನ ಮುಂದಿನ ಹಲ್ಲಾಗ ಕಚ್ಚಿ ಹಿಡೀರಿ, ಅಲುಗಾಡಬ್ಯಾಡ್ರಿ” ಅಂದರು. ಮಷಿನ್ ತಲೆಯ ಸುತ್ತ ತಿರುಗಿತು. ಫಿಲ್ಮ್‌ನಲ್ಲಿ ಇಡೀ ದವಡೆ ಚಾಪೆ ಹಾಸಿದ ಹಾಗೆ ಬಂತು. ಮೂಲೆಯಲ್ಲಿ ಹೆಸರು, ವಯಸ್ಸು, ‘ಎಫ್’. ಆ ‘ಎಫ್’ ಅಳಿಸಿಬಿಟ್ಟರೆ, ಬರೀ ಮೂಳೆ ನೋಡಿ ಇದು ಹೆಂಗಸಿನದು ಅನ್ನೋಕೆ ಆಗುತ್ತಾ? ಬಸ್ಸಿನಲ್ಲಿ ವಾಪಸ್ ಬರುವಾಗಲೂ ಇದೇ ತಲೆಯಲ್ಲಿ.

ಬೇಸಿಕ್ ಬೇಗ ಮುಗಿಸುತ್ತೇನೆ. ಅಸ್ಥಿಪಂಜರ ಸಿಕ್ಕಾಗ ಗಂಡೋ ಹೆಣ್ಣೋ ಅಂತ ಹೇಳೋಕೆ ಸೊಂಟದ ಮೂಳೆಯೇ ಎಲ್ಲಕ್ಕಿಂತ ಒಳ್ಳೆಯದು. ಆದರೆ ಅದು ಸಿಗಬೇಕಲ್ವಾ? ಕೆಳದವಡೆ ಮುಖದಲ್ಲೇ ಗಟ್ಟಿ ಮೂಳೆ, ಬೇರೆಯವು ಪುಡಿಯಾದರೂ ಇದು ಉಳಿಯೋದು ಜಾಸ್ತಿ.

ಈಗ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಅಲ್ಲಿ ಅಲ್ಲಾಡುವುದು ಕಾಂಡೈಲ್. ಅಲ್ಲಿಂದ ದವಡೆಯ ಮೂಲೆಯವರೆಗೆ ನೆಟ್ಟಗೆ ನಿಂತ ಚಪ್ಪಟೆ ಮೂಳೆಗೆ ರೇಮಸ್ ಅಂತಾರೆ. ಖಡಕ್ ರೊಟ್ಟಿ ಅಗಿಯುವಾಗ ಉಬ್ಬುವ ಸ್ನಾಯು ಅಂಟಿಕೊಂಡಿರೋದು ಇದಕ್ಕೇ. ಗಂಡಸರಲ್ಲಿ ಆ ಸ್ನಾಯು ಸಾಮಾನ್ಯವಾಗಿ ದಪ್ಪ, ಹರೆಯದಲ್ಲಿ ರೇಮಸ್ ಕೂಡ ಜಾಸ್ತಿ ಬೆಳೆಯುತ್ತದೆ. ಹಾಗಾಗಿ ಓಪಿಜಿಯಲ್ಲಿ ಅದರ ಎತ್ತರ, ಅಗಲ, ಕಾಂಡೈಲ್‌ನ ಎತ್ತರ, ಅದರ ಮುಂದಿರುವ ಕೊರೊನಾಯ್ಡ್ ಅನ್ನೋ ಚೂಪು ತುದಿಯ ಎತ್ತರ ಅಳೆಯುತ್ತಾರೆ.

ಒಂದೇ ಅಳತೆ ಸಾಕಾ? ಇದಕ್ಕೆ ನಮ್ಮ ಬಳ್ಳಾರಿಯ ಜೀನ್ಸ್ ಯೂನಿಟ್‌ಗೆ ಬನ್ನಿ. ಕಟಿಂಗ್ ಮಾಸ್ಟರ್ ಕೈಗೆ ಲೇಬಲ್ ಇಲ್ಲದ ಪ್ಯಾಂಟ್ ಕೊಡಿ. ಸೊಂಟ 32. ಗಂಡಸರದ್ದೂ ಆಗಬಹುದು, ಹೆಂಗಸರದ್ದೂ ಆಗಬಹುದು. ಅವರು ಸೀಟಿಗೆ ಟೇಪ್ ಹಿಡಿಯುತ್ತಾರೆ, ತೊಡೆಗೆ ಹಿಡಿಯುತ್ತಾರೆ, ಉದ್ದ ನೋಡುತ್ತಾರೆ. ಬಿಡಿಬಿಡಿಯಾಗಿ ಯಾವುದೂ ಖಚಿತ ಅಲ್ಲ, ಎಲ್ಲ ಕೂಡಿದಾಗ “ಇದು ಲೇಡೀಸ್” ಅಂದುಬಿಡುತ್ತಾರೆ. ದವಡೆಯ ಲೆಕ್ಕವೂ ಹೀಗೇ. ಒಂದೊಂದು ಅಳತೆಗೂ ಇಷ್ಟಿಷ್ಟು ತೂಕ ಕೊಟ್ಟು ಕೂಡಿಸುತ್ತಾರೆ, ಮೊತ್ತ ಗೆರೆಯ ಯಾವ ಕಡೆ ಬಿತ್ತು ಅಂತ ನೋಡುತ್ತಾರೆ. ಇನ್ನೊಂದು ವಿಷಯ, ಟೇಪೇ ಹಿಗ್ಗಿದ್ದರೆ? ಓಪಿಜಿ ಮೂಳೆಯನ್ನು ನಿಜವಾದ ಅಳತೆಗಿಂತ ದೊಡ್ಡದಾಗಿ ತೋರಿಸುತ್ತದೆ. ಎಷ್ಟು ದೊಡ್ಡದು ಅನ್ನೋದು ಮಷಿನ್‌ನಿಂದ ಮಷಿನ್‌ಗೆ ಬೇರೆ, ತಲೆ ಸ್ವಲ್ಪ ವಾಲಿದರೂ ಬದಲಾಗುತ್ತದೆ. ಬೇರೆ ದೇಶದ ಜನರ ದವಡೆ ಅಳೆದು ಮಾಡಿದ ಪ್ಯಾಟರ್ನ್ ನಮ್ಮವರಿಗೆ ಹಾಗೇ ಕೂರುವುದೂ ಇಲ್ಲ. ನಮ್ಮ ಭಾಗದ ದವಡೆಗಳನ್ನೇ ಅಳೆದು ಸೂತ್ರ ಮಾಡಬೇಕು, ಇದು ನಿಜವಾಗಲೂ ಆಗಬೇಕಾದ ಕೆಲಸ.

ಸರಿ ಉತ್ತರ ಎಷ್ಟು ಬರುತ್ತೆ? ಅನೇಕ ಅಧ್ಯಯನಗಳಲ್ಲಿ 100ಕ್ಕೆ 70–80ರ ಆಸುಪಾಸು. ಹಾಗಾಗಿ ಇದೊಂದನ್ನೇ ನಂಬಿ ಯಾರೂ ತೀರ್ಮಾನಕ್ಕೆ ಬರಬಾರದು. 1996ರಲ್ಲಿ ಲೋಥ್, ಹೆನ್ನೆಬರ್ಗ್ ಅನ್ನೋ ಇಬ್ಬರು ಸಂಶೋಧಕರು ರೇಮಸ್‌ನ ಹಿಂಬದಿಯ ಬಾಗು ನೋಡಿದರೇ ಸಾಕು ಅಂತ ತೋರಿಸಿದ್ದರು, ಆಮೇಲೆ ಬೇರೆಯವರು ಪರೀಕ್ಷಿಸಿದಾಗ ಅಷ್ಟು ಚೆನ್ನಾಗಿ ನಿಲ್ಲಲಿಲ್ಲ.

ಟೈಮ್ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ. ಚಿಕ್ಕ ಮಕ್ಕಳಲ್ಲಿ ಇದು ನಂಬುವಂಥದ್ದಲ್ಲ, ಹರೆಯ ಬರಬೇಕು. ಹಲ್ಲು ಬಿದ್ದು ವಯಸ್ಸಾದರೆ ದವಡೆಯ ಮೂಲೆಯ ಕೋನವೂ ಬದಲಾಗಬಹುದು. ಡಿಎನ್‌ಎ ಸಿಕ್ಕರೆ ಅದೇ ಮೇಲು. ಆದರೆ ಹಳೆಯ ಓಪಿಜಿ ಒಂದಿದ್ದರೆ ಸಿಮೆಂಟ್ ತುಂಬಿದ ಹಲ್ಲು, ಬೇರಿನ ಆಕಾರ ಹೋಲಿಸಿ ಗಂಡೋ ಹೆಣ್ಣೋ ಮಾತ್ರ ಅಲ್ಲ, ಯಾರು ಅಂತಲೇ ಹೇಳಬಹುದು. ಅವ್ವನ ಫಿಲ್ಮ್ ಬೀರುವಿನಲ್ಲಿ, ಆಧಾರ್ ಇಡುವ ಚೀಲದಲ್ಲೇ ಇಟ್ಟಿದ್ದೇನೆ.