ಮಗ ಜೋನ್ಸ್, ತಂದೆ ಜೋನ್ಸ್ ಅಲ್ಲ: ವೇಲ್ಸ್‌ನಲ್ಲಿ ವಂಶದ ಬೇರು ಹುಡುಕುವುದು ಹೇಗೆ?

[ಪರದೆಯ ಮೇಲೆ: ಪೈ ಚಿಹ್ನೆ, ಅದರ ಕೆಳಗೆ 1706 ಎಂಬ ಇಸವಿ]

ನಮಸ್ಕಾರ. ವೃತ್ತದ ಸುತ್ತಳತೆಗೂ ವ್ಯಾಸಕ್ಕೂ ಇರುವ ಅನುಪಾತವನ್ನು ಪೈ ಎಂಬ ಗ್ರೀಕ್ ಅಕ್ಷರದಿಂದ ಸೂಚಿಸುವುದನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. 1706ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಈ ಅಕ್ಷರವನ್ನು ಆ ಅರ್ಥದಲ್ಲಿ ಮೊದಲು ಬಳಸಿದವರು ವೇಲ್ಸ್‌ನ ಗಣಿತಜ್ಞ ವಿಲಿಯಂ ಜೋನ್ಸ್. ಇವರ ವಿಷಯ ಪ್ರಸ್ತಾಪಿಸಿದ್ದಾಗ ವೀಕ್ಷಕರೊಬ್ಬರು ಬಹಳ ಸೂಕ್ಷ್ಮವಾದ ಪ್ರಶ್ನೆಯೊಂದನ್ನು ಕೇಳಿದ್ದರು: "ಸರ್, ಅವರ ತಂದೆಯ ಹೆಸರು ಶೋನ್ ಶೋರ್ ಎಂದು ಓದಿದೆ. ಅದರಲ್ಲಿ ಜೋನ್ಸ್ ಎಂಬುದೇ ಇಲ್ಲ. ಮಗನಿಗೆ ಆ ಹೆಸರು ಎಲ್ಲಿಂದ ಬಂತು? ಶೋನ್ ಅವರ ತಂದೆ ಯಾರು?"

ಈ ಪ್ರಶ್ನೆಯ ಬೆನ್ನು ಹತ್ತಿದರೆ ವೇಲ್ಸ್‌ನ ವಂಶಾವಳಿಯ ಇಡೀ ಕಷ್ಟವೂ ಅದನ್ನು ದಾಟುವ ದಾರಿಯೂ ಒಟ್ಟಿಗೇ ಕಾಣುತ್ತವೆ.

ಮೊದಲು ಮೂಲ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ವೇಲ್ಸ್‌ನಲ್ಲಿ ಹಿರಿಯರನ್ನು ಹುಡುಕಲು ಮುಖ್ಯವಾಗಿ ಮೂರು ಬಗೆಯ ದಾಖಲೆಗಳಿವೆ. ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ಹಟ್ಟಿಗಳ ಗುಂಪನ್ನು ಪ್ಯಾರಿಷ್ ಎನ್ನುತ್ತಾರೆ. ಅಲ್ಲಿ ನಡೆದ ದೀಕ್ಷಾಸ್ನಾನ, ಮದುವೆ ಮತ್ತು ಅಂತ್ಯಸಂಸ್ಕಾರಗಳನ್ನು ಬರೆದಿಡಬೇಕೆಂದು 1538ರಲ್ಲಿ ಆಜ್ಞೆಯಾಯಿತು. ಆದರೆ ವೇಲ್ಸ್‌ನ ಬಹುಪಾಲು ಪ್ಯಾರಿಷ್‌ಗಳಲ್ಲಿ ಅಷ್ಟು ಹಳೆಯ ಪುಸ್ತಕಗಳು ಉಳಿದಿಲ್ಲ. 1837ರ ಜುಲೈ 1ರಿಂದ ಸರ್ಕಾರವೇ ಜನನ, ಮದುವೆ ಮತ್ತು ಮರಣಗಳನ್ನು ನೋಂದಾಯಿಸತೊಡಗಿತು. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ 1801ರಲ್ಲೇ ಆರಂಭವಾಗಿದ್ದರೂ ಮನೆಮಂದಿಯ ಹೆಸರುಗಳನ್ನೆಲ್ಲ ಬರೆದುಕೊಂಡದ್ದು 1841ರಿಂದ. ಇಷ್ಟು ತಿಳಿದರೆ ಇಂಗ್ಲೆಂಡಿನ ಮನೆತನವೊಂದನ್ನು ಬಹಳ ದೂರದವರೆಗೆ ಹಿಂಬಾಲಿಸಬಹುದು. ವೇಲ್ಸ್‌ನಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಅಲ್ಲಿ ಹಿಂದೆ ಹೋದಂತೆಲ್ಲ ಮನೆತನದ ಹೆಸರು ಬದಲಾಗುತ್ತಲೇ ಇರುತ್ತದೆ.

[ಪರದೆಯ ಮೇಲೆ: ದಾವಿಡ್ ಆಪ್ ಇವಾನ್]

ವೇಲ್ಷ್ ಭಾಷೆಯಲ್ಲಿ ಆಪ್ ಅಥವಾ ಆಬ್ ಎಂದರೆ ಇಂಥವರ ಮಗ. ವೆರ್ಖ್ ಎಂದರೆ ಇಂಥವರ ಮಗಳು. ಇವಾನನ ಮಗ ದಾವಿಡ್ ಆದರೆ ಅವನು ದಾವಿಡ್ ಆಪ್ ಇವಾನ್. ಅವನ ಮಗ ರೀಸ್ ಆದರೆ ಅವನು ರೀಸ್ ಆಪ್ ದಾವಿಡ್. ಹೆಸರಿನ ಹಿಂದೆ ನಿಲ್ಲುವುದು ತಂದೆಯೇ ಹೊರತು ಮನೆತನವಲ್ಲ. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಇನಿಷಿಯಲ್ ಮಾಡಿಕೊಂಡು ಬೆಳೆದ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ. ವಿದೇಶಕ್ಕೆ ಹೋದ ಎಷ್ಟೋ ಕನ್ನಡಿಗರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಕಡೆ ತಂದೆಯ ಹೆಸರು ಕುಳಿತು, ಅಲ್ಲಿ ಹುಟ್ಟಿದ ಮಕ್ಕಳಿಗೆ ಅಜ್ಜನ ಹೆಸರೇ ಮನೆತನದ ಹೆಸರಾಗಿಬಿಟ್ಟಿದೆಯಲ್ಲ, ವೇಲ್ಸ್‌ನಲ್ಲಿ ನಡೆದದ್ದೂ ಅದೇ. 1536 ಮತ್ತು 1543ರ ಕಾಯ್ದೆಗಳ ಮೂಲಕ ವೇಲ್ಸ್ ಇಂಗ್ಲೆಂಡಿನ ಕಾನೂನಿಗೆ ಒಳಪಟ್ಟಿತು. ಇಂಗ್ಲಿಷಿನಲ್ಲಿ ಬರೆಯುವ ಕಚೇರಿಗಳಿಗೆ ಸ್ಥಿರವಾದ ಹೆಸರು ಬೇಕಾಗಿತ್ತು. ಮೊದಲು ಶ್ರೀಮಂತರು, ನಂತರ ಉಳಿದವರು ಒಂದೊಂದಾಗಿ ತಂದೆಯ ಹೆಸರಿನಲ್ಲೇ ನಿಂತುಬಿಟ್ಟರು. ಆಪ್ ರೀಸ್ ಎಂಬುದು ಪ್ರೈಸ್ ಆಯಿತು, ಆಪ್ ಹೌಯೆಲ್ ಪೊವೆಲ್ ಆಯಿತು, ಆಬ್ ಇವಾನ್ ಬೆವನ್ ಆಯಿತು, ಆಬ್ ಓವೆನ್ ಬೊವೆನ್ ಆಯಿತು. ಉಳಿದವರಿಗೆ ಇಂಗ್ಲಿಷ್ ಪದ್ಧತಿಯಂತೆ ಕೊನೆಯಲ್ಲಿ ಒಂದು 'ಸ್' ಸೇರಿತು: ಇವಾನ್ಸ್, ಡೇವಿಸ್, ವಿಲಿಯಮ್ಸ್, ರಾಬರ್ಟ್ಸ್.

ಈ ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ ಎಂಬುದನ್ನು ಚೆನ್ನಾಗಿ ನೆನಪಿಡಬೇಕು. ಉತ್ತರ ಮತ್ತು ಪಶ್ಚಿಮದ ಕೆಲವು ಹಳ್ಳಿಗಳಲ್ಲಿ ಹಳೆಯ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ನಡೆದುಬಂದಿತ್ತು.

ಈಗ ವಿಲಿಯಂ ಜೋನ್ಸ್ ಅವರ ಕಡೆಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲು ನನಗೆ ಅನುಮತಿ ಕೊಡಿ, ಏಕೆಂದರೆ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ವಿಲಿಯಂ ಹುಟ್ಟಿದ್ದು 1675ರಲ್ಲಿ, ವೇಲ್ಸ್‌ನ ವಾಯವ್ಯ ಮೂಲೆಯ ಆಂಗಲ್‌ಸೀ ದ್ವೀಪದ ಲಾನ್‌ವಿಹಾಂಗೆಲ್ ಟ್ರೇರ್ ಬೈರ್ಡ್ ಎಂಬ ಪ್ಯಾರಿಷ್‌ನಲ್ಲಿ. ಲಾನ್‌ವಿಹಾಂಗೆಲ್ ಎಂದರೆ ಸಂತ ಮೈಕೆಲನ ಚರ್ಚು, ಟ್ರೇರ್ ಬೈರ್ಡ್ ಎಂದರೆ ಕವಿಗಳ ಊರು. ತಂದೆ ಶೋನ್ ಶೋರ್. ಶೋನ್ ಎಂಬುದು ಇಂಗ್ಲಿಷಿನ ಜಾನ್‌ಗೆ ವೇಲ್ಷ್ ರೂಪ, ಶೋರ್ ಎಂಬುದು ಜಾರ್ಜ್‌ಗೆ. ಮಗ ಪದ್ಧತಿಯಂತೆ ತಂದೆಯ ಹೆಸರನ್ನೇ ತನ್ನ ಹೆಸರಿನ ಹಿಂದೆ ಇಟ್ಟುಕೊಂಡ. ಅದು ಇಂಗ್ಲಿಷಿನಲ್ಲಿ ಜಾನ್ಸ್, ಅಂದರೆ ಜೋನ್ಸ್ ಆಯಿತು. ವೇಲ್ಸ್‌ನ ಅತಿ ಸಾಮಾನ್ಯ ಮನೆತನದ ಹೆಸರು ಇದು, ಆದರೆ 'ಜ' ಎಂಬ ಆ ಮೊದಲ ಅಕ್ಷರ ವೇಲ್ಷ್ ಭಾಷೆಯ ಸಾಂಪ್ರದಾಯಿಕ ವರ್ಣಮಾಲೆಯಲ್ಲಿ ಇರಲೇ ಇಲ್ಲ.

ಹಳೆಯ ಪದ್ಧತಿಯೇ ಮುಂದುವರಿದಿದ್ದರೆ ವಿಲಿಯಂ ಅವರ ಮಗ ವಿಲಿಯಮ್ಸ್ ಎನಿಸಿಕೊಳ್ಳಬೇಕಾಗಿತ್ತು. ಆದರೆ ತಂದೆ ಲಂಡನ್ನಿನಲ್ಲಿ ನೆಲೆಸಿದ್ದರು; 1746ರಲ್ಲಿ ಅಲ್ಲಿ ಹುಟ್ಟಿದ ಮಗನಿಗೆ ಜೋನ್ಸ್ ಎಂಬುದೇ ಅಂಟಿತು. ಆ ಮಗನನ್ನು ನಾವು ಭಾರತೀಯರು ಬಲ್ಲೆವು. 1784ರಲ್ಲಿ ಕಲ್ಕತ್ತೆಯಲ್ಲಿ ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ, ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲವಿರಬೇಕೆಂದು 1786ರಲ್ಲಿ ಹೇಳಿದ, ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿಗೆ ತಂದ ಸರ್ ವಿಲಿಯಂ ಜೋನ್ಸ್ ಅವರೇ. ಭಾಷೆಗಳ ವಂಶವನ್ನು ಹುಡುಕಲು ದಾರಿ ತೋರಿದ ಈ ಮನುಷ್ಯನ ಸ್ವಂತ ಮನೆತನದ ಹೆಸರು ಕೇವಲ ಎರಡು ತಲೆಮಾರು ಹಳೆಯದು! ಜೋನ್ಸ್ ಎಂಬ ಹೆಸರನ್ನೇ ನಂಬಿಕೊಂಡು ಆಂಗಲ್‌ಸೀಯ ದಾಖಲೆಗಳಲ್ಲಿ ಇವರ ಮುತ್ತಜ್ಜನನ್ನು ಹುಡುಕ ಹೊರಟವರಿಗೆ ನೂರಾರು ಜೋನ್ಸ್‌ಗಳು ಸಿಗಬಹುದು. ಮುತ್ತಜ್ಜ ಮಾತ್ರ ಸಿಗುವುದಿಲ್ಲ.

ಆದ್ದರಿಂದ ವೇಲ್ಸ್‌ನಲ್ಲಿ ಹುಡುಕುವವರು ಮನೆತನದ ಹೆಸರನ್ನು ಸಡಿಲವಾಗಿ ಹಿಡಿದು, ನೆಲವನ್ನು ಬಿಗಿಯಾಗಿ ಹಿಡಿಯಬೇಕು. ನೆಲ ಎಂದರೆ ಪ್ಯಾರಿಷ್ ಮತ್ತು ಅದರೊಳಗಿನ ಹೊಲಮನೆಯ ಹೆಸರು. ಮಲೆನಾಡಿನಲ್ಲಿ ಮನೆ ಹೆಸರು ಹೇಳಿದರೆ ಸಾಕು, ಯಾರ ಕಡೆಯವರೆಂದು ಗೊತ್ತಾಗುತ್ತದಲ್ಲ, ವೇಲ್ಸ್‌ನಲ್ಲಿಯೂ ಪ್ರತಿ ಹೊಲಮನೆಗೆ ಒಂದು ಹೆಸರಿದೆ. ಅಲ್ಲಿ ಜನರನ್ನು ಗುರುತಿಸುವುದೂ ಅದರಿಂದಲೇ.

[ಪರದೆಯ ಮೇಲೆ: ಜನಗಣತಿಯ ಪುಟದ ಮಾದರಿ, ಹುಟ್ಟಿದ ಸ್ಥಳದ ಕಾಲಮ್ಮಿಗೆ ಗುರುತು]

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ದಕ್ಷಿಣ ವೇಲ್ಸ್‌ನ ರೋಂಡಾ ಕಣಿವೆಯ ಕಲ್ಲಿದ್ದಲು ಗಣಿಯಲ್ಲಿ ದುಡಿಯುವ ಇವಾನ್ ಡೇವಿಸ್ ಎಂಬಾತನ ಕುಟುಂಬ 1911ರ ಜನಗಣತಿಯಲ್ಲಿ ನಮಗೆ ಸಿಕ್ಕಿದೆ. ಆ ಕಣಿವೆಯ ಹೆಚ್ಚಿನವರು ಬೇರೆ ಕಡೆಯಿಂದ ಬಂದವರ ಮಕ್ಕಳೋ ಮೊಮ್ಮಕ್ಕಳೋ ಆಗಿರುತ್ತಾರೆ. 1851ರಲ್ಲಿ ಸುಮಾರು ಒಂದು ಸಾವಿರವಿದ್ದ ಅಲ್ಲಿನ ಜನಸಂಖ್ಯೆ 1911ರ ಹೊತ್ತಿಗೆ ಒಂದೂವರೆ ಲಕ್ಷವನ್ನು ದಾಟಿತ್ತು. 1911ರ ನಮೂನೆಗೆ ಒಂದು ವಿಶೇಷವಿದೆ. ಹಿಂದಿನ ಗಣತಿಗಳಲ್ಲಿ ಗಣತಿದಾರರು ನಕಲು ಮಾಡಿದ ಪುಸ್ತಕಗಳು ಮಾತ್ರ ಉಳಿದರೆ, ಈ ಗಣತಿಯಲ್ಲಿ ಮನೆಯ ಯಜಮಾನನು ಸ್ವತಃ ತುಂಬಿದ ಹಾಳೆಯೇ ಉಳಿದಿದೆ. ಅದನ್ನು ವೇಲ್ಷ್ ಭಾಷೆಯಲ್ಲಿಯೂ ತುಂಬಬಹುದಾಗಿತ್ತು. ಆಗ ಯಜಮಾನನ ಎದುರು ಪೆನ್‌ಟೇಲಿ, ಹೆಂಡತಿಯ ಎದುರು ಗ್ವ್ರೈಗ್, ಮಗನ ಎದುರು ಮಾಬ್ ಎಂಬ ಪದಗಳು ಕಾಣುತ್ತವೆ. ಮುತ್ತಜ್ಜನ ಕೈಬರಹವನ್ನು ಅವನದೇ ಭಾಷೆಯಲ್ಲಿ ನೋಡುವುದೆಂದರೆ ಅದು ಸಣ್ಣ ಸಂಗತಿಯಲ್ಲ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ತೀರಿಕೊಂಡವರೆಷ್ಟು ಎಂಬುದೂ ಅದೇ ಹಾಳೆಯಲ್ಲಿದೆ.

ಆ ಹಾಳೆಯಲ್ಲಿ ನಮಗೆ ಬೇಕಾದದ್ದು ಹುಟ್ಟಿದ ಸ್ಥಳ. ಅಲ್ಲಿ ಪಶ್ಚಿಮದ ಕಾರ್ಡಿಗನ್‌ಶೈರ್‌ನ ಒಂದು ಪ್ಯಾರಿಷ್ ಇದೆ ಎಂದಿಟ್ಟುಕೊಳ್ಳಿ. ಹತ್ತು ಹತ್ತು ವರ್ಷ ಹಿಂದಕ್ಕೆ ಇಳಿಯುತ್ತಾ 1851ಕ್ಕೆ ಬಂದರೆ, ಅದೇ ಪ್ಯಾರಿಷ್‌ನ ಟೀ ಗ್ವಿನ್, ಅಂದರೆ ಬಿಳಿ ಮನೆ ಎಂಬ ಹೊಲಮನೆಯಲ್ಲಿ, ಇವಾನನು ಎರಡು ವರ್ಷದ ಕೂಸಾಗಿ ತಂದೆ ದಾವಿಡನ ಜೊತೆಯಲ್ಲಿ ಸಿಗುತ್ತಾನೆ. ಮನೆಯ ಯಜಮಾನನಿಗೆ ಪ್ರತಿಯೊಬ್ಬರೂ ಏನಾಗಬೇಕು, ಯಾವ ಪ್ಯಾರಿಷ್‌ನಲ್ಲಿ ಹುಟ್ಟಿದರು ಎಂಬ ಎರಡೂ ವಿವರಗಳು ಮೊದಲು ಸೇರಿದ್ದು ಈ ಗಣತಿಯಲ್ಲೇ. ಅದಕ್ಕೂ ಹಿಂದಿನ 1841ರ ಪುಸ್ತಕವನ್ನು ಎಚ್ಚರದಿಂದ ಓದಬೇಕು. ಪೆನ್ಸಿಲ್‌ನಲ್ಲಿ ಬರೆದ ಅದರ ಪುಟಗಳು ಎಷ್ಟೋ ಕಡೆ ಮಾಸಿವೆ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇದ್ದುದರಿಂದ 44ರ ಮನುಷ್ಯ ಅಲ್ಲಿ 40 ಎಂದೇ ಕಾಣುತ್ತಾನೆ. ಒಂದೇ ಮನೆಯಲ್ಲಿ 40ರ ಗಂಡಸು, 40ರ ಹೆಂಗಸು ಇದ್ದರೆ ಅವರು ಗಂಡ ಹೆಂಡತಿಯೋ ಅಣ್ಣ ತಂಗಿಯೋ ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ.

ದಾವಿಡನ ಮದುವೆ 1837ರ ನಂತರ ಆಗಿದ್ದರೆ ಮದುವೆಯ ಪ್ರಮಾಣಪತ್ರದಲ್ಲಿ ವಧೂವರರಿಬ್ಬರ ತಂದೆಯರ ಹೆಸರು ಮತ್ತು ಕಸುಬು ಸಿಗುತ್ತದೆ. ಅಲ್ಲಿಂದ ಪ್ಯಾರಿಷ್ ಪುಸ್ತಕಕ್ಕೆ ಇಳಿಯುತ್ತೇವೆ. 1813ರಿಂದ ದೀಕ್ಷಾಸ್ನಾನಗಳನ್ನು ಅಚ್ಚಾದ ನಮೂನೆಯಲ್ಲಿ ಬರೆಯುತ್ತಿದ್ದರು. ಅದರಲ್ಲಿ ತಂದೆಯ ಕಸುಬಿಗೂ ವಾಸದ ಸ್ಥಳಕ್ಕೂ ಪ್ರತ್ಯೇಕ ಜಾಗವಿದೆ. ನಮ್ಮ ಇಡೀ ಹುಡುಕಾಟ ತಿರುಗುವ ಕೀಲು ಇದೇ. 1820ರ ಒಂದು ಸಾಲಿನಲ್ಲಿ ಮಗು ದಾವಿಡ್, ತಂದೆ ಇವಾನ್, ವಾಸ ಟೀ ಗ್ವಿನ್ ಎಂದಿದ್ದರೆ, ತಂದೆಯ ಹೆಸರಿನ ಹಿಂದೆ ಡೇವಿಸ್ ಎಂದಿರದೆ ಬೇರೇನೇ ಇದ್ದರೂ ಗಾಬರಿಯಾಗಬೇಕಿಲ್ಲ. ಅದೇ ಮನೆ ಹೌದೇ ಎಂಬುದನ್ನು ಹೊಲಮನೆಯ ಹೆಸರು ಖಚಿತಪಡಿಸುತ್ತದೆ. ಮೊದಲ ಮಗನಿಗೆ ಅಜ್ಜನ ಹೆಸರಿಡುವ ರೂಢಿ ಇದ್ದ ಮನೆಗಳಲ್ಲಂತೂ ಇವಾನ್ ಡೇವಿಸ್, ಅವನ ಮಗ ದಾವಿಡ್ ಇವಾನ್ಸ್, ಅವನ ಮಗ ಮತ್ತೆ ಇವಾನ್ ಡೇವಿಸ್ ಎಂದು ಹೆಸರು ಹಿಂದು ಮುಂದಾಗುತ್ತಾ ಬರುವುದುಂಟು. ಹೊರಗಿನವರಿಗೆ ಅದು ಎರಡು ಕುಟುಂಬಗಳಂತೆ ಕಂಡರೂ ಒಲೆ ಒಂದೇ.

ಹೆಣ್ಣುಮಕ್ಕಳ ವಿಷಯದಲ್ಲಿ ವೇಲ್ಸ್ ನಮಗೆ ಉಪಕಾರ ಮಾಡಿದೆ. ಮದುವೆಯಾದ ಮೇಲೂ ತವರಿನ ಹೆಸರನ್ನೇ ಉಳಿಸಿಕೊಳ್ಳುವ ರೂಢಿ ಅಲ್ಲಿ ಬಹಳ ಕಾಲ ಇದ್ದುದರಿಂದ ಉಯಿಲು, ಸಮಾಧಿಕಲ್ಲುಗಳ ಮೇಲೆ ತಾಯಿಯ ಕಡೆಯ ಸುಳಿವು ಸಿಗುತ್ತದೆ.

ತಾರೀಖುಗಳ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. 1752ಕ್ಕಿಂತ ಹಿಂದೆ ಅಲ್ಲಿನ ಅಧಿಕೃತ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಪುಸ್ತಕದಲ್ಲಿ 1720ರ ಮೇ ತಿಂಗಳಲ್ಲಿ ಮದುವೆ, 1720ರ ಫೆಬ್ರವರಿಯಲ್ಲಿ ಮೊದಲ ಮಗುವಿನ ದೀಕ್ಷಾಸ್ನಾನ ಎಂದಿದ್ದರೆ, ಮದುವೆಗೆ ಮೊದಲೇ ಮಗುವಾಯಿತೆಂದು ಅವಸರದಲ್ಲಿ ತೀರ್ಮಾನಿಸಿ ಆ ತಾಯಿಗೆ ಕಳಂಕ ಹಚ್ಚಬಾರದು. ಆ ಫೆಬ್ರವರಿ ಬಂದದ್ದು ಮೇ ತಿಂಗಳಾಗಿ ಒಂಬತ್ತು ತಿಂಗಳಿಗೆ. ನಮ್ಮ ಲೆಕ್ಕದಲ್ಲಿ ಅದು 1721.

ಇನ್ನು, ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗು ಸಿಗದಿದ್ದರೆ ಏನು ಮಾಡಬೇಕು? ಕುಟುಂಬ ಚಾಪೆಲ್‌ಗೆ ಸೇರಿದ್ದಿರಬಹುದು. ಸರ್ಕಾರಿ ಮನ್ನಣೆಯ ಆಂಗ್ಲಿಕನ್ ಚರ್ಚನ್ನು ಬಿಟ್ಟು ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಇಂಡಿಪೆಂಡೆಂಟ್ ಪಂಗಡಗಳಿಗೆ ಹೋದವರ ಸಂಖ್ಯೆ ವೇಲ್ಸ್‌ನಲ್ಲಿ ದೊಡ್ಡದು. 1851ರ ಮಾರ್ಚ್ 30ರಂದು ನಡೆದ ಆರಾಧನೆಯ ಗಣತಿಯಲ್ಲಿ ಅವರೇ ಬಹುಸಂಖ್ಯಾತರಾಗಿದ್ದರು. ಬ್ಯಾಪ್ಟಿಸ್ಟರು ಕೂಸುಗಳಿಗೆ ದೀಕ್ಷಾಸ್ನಾನವನ್ನೇ ಮಾಡಿಸುವುದಿಲ್ಲ. ಅನೇಕ ಚಾಪೆಲ್‌ಗಳ ಹಳೆಯ ಪುಸ್ತಕಗಳು 1837ರ ನಂತರ ಸರ್ಕಾರದ ವಶಕ್ಕೆ ಬಂದು ಈಗ ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ದಾಖಲೆಗಾರದಲ್ಲಿವೆ. ಆದರೆ 1754ರಿಂದ 1837ರವರೆಗೆ ಕ್ವೇಕರರು ಎಂಬ ಕ್ರೈಸ್ತ ಪಂಗಡದವರು ಮತ್ತು ಯಹೂದಿಗಳನ್ನು ಬಿಟ್ಟು ಎಲ್ಲರೂ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕೆಂಬ ಕಾನೂನಿತ್ತು. ಆದ್ದರಿಂದ ಚಾಪೆಲ್‌ನವರ ಮದುವೆಗಳೂ ಪ್ಯಾರಿಷ್ ಪುಸ್ತಕದಲ್ಲೇ ಇವೆ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಆಬರಿಸ್ಟ್‌ವಿತ್ ನಗರದಲ್ಲಿರುವ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯವು 1858ಕ್ಕಿಂತ ಹಿಂದಿನ ಉಯಿಲುಗಳನ್ನು, 1919ರವರೆಗಿನ ಪತ್ರಿಕೆಗಳನ್ನು ಮತ್ತು ಹೊಲಮನೆಗಳನ್ನು ತೋರಿಸುವ ಹತ್ತೊಂಬತ್ತನೆಯ ಶತಮಾನದ ದಶಾಂಶ ತೆರಿಗೆಯ (ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುವ ತೆರಿಗೆಯ) ನಕ್ಷೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಪ್ಯಾರಿಷ್ ಪುಸ್ತಕ ಹಾಳಾಗಿದ್ದರೆ ಬಿಷಪ್ಪರಿಗೆ ಕಳುಹಿಸುತ್ತಿದ್ದ ಅದರ ನಕಲುಗಳೂ ಅದೇ ಗ್ರಂಥಾಲಯದಲ್ಲಿವೆ. 1931ರ ಜನಗಣತಿ 1942ರ ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ನೂರು ವರ್ಷ ಗೋಪ್ಯವಾಗಿಡುವ ನಿಯಮವೂ ಇರುವುದರಿಂದ 1921ರ ನಂತರದ ಕಾಲಕ್ಕೆ 1939ರ ಸೆಪ್ಟೆಂಬರಿನಲ್ಲಿ ತಯಾರಾದ ನಾಗರಿಕರ ಪಟ್ಟಿಯನ್ನೇ ಆಶ್ರಯಿಸಬೇಕು. ಅಂತರ್ಜಾಲದಲ್ಲಿ ಯಾರೋ ಕಟ್ಟಿಟ್ಟ ವಂಶವೃಕ್ಷವನ್ನು ಹಾಗೆಯೇ ನಕಲು ಮಾಡಿಕೊಳ್ಳಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಒಂದೇ ಪ್ಯಾರಿಷ್‌ನಲ್ಲಿ ಮೂವರು ಜಾನ್ ಜೋನ್ಸ್‌ಗಳು ಇರುವ ನಾಡಿನಲ್ಲಿ ಒಂದು ತಪ್ಪು ಜೋಡಣೆಯಾದರೆ ಅದರ ಮೇಲಿನ ಕೊಂಬೆಗಳೆಲ್ಲ ಬೇರೆಯವರ ಹಿರಿಯರಾಗಿಬಿಡುತ್ತಾರೆ. ಮನೆಯ ಹೆಸರು, ಕಸುಬು, ಹೆಂಡತಿಯ ಹೆಸರು ಇವುಗಳಲ್ಲಿ ಎರಡಾದರೂ ಹೊಂದದಿದ್ದರೆ ಅಲ್ಲಿಗೆ ನಿಲ್ಲಿಸಿ.

[ಪರದೆಯ ಮೇಲೆ: ಶೋರ್, ಶೋನ್ ಶೋರ್, ವಿಲಿಯಂ ಜೋನ್ಸ್, ಸರ್ ವಿಲಿಯಂ ಜೋನ್ಸ್]

ಶೋನ್ ಅವರ ತಂದೆ ಯಾರು ಎಂಬ ಪ್ರಶ್ನೆ ಬಾಕಿ ಇದೆ. ಹಳೆಯ ಪದ್ಧತಿಯಂತೆ ಓದಿದರೆ ಉತ್ತರ ಆ ಹೆಸರಿನಲ್ಲೇ ಇದೆ: ಶೋನ್ ಶೋರ್ ಎಂದರೆ ಶೋರ್‌ನ ಮಗ ಶೋನ್. 1794ರಲ್ಲಿ ತೀರಿಕೊಂಡ ಸರ್ ವಿಲಿಯಂ ಅವರ ಸಮಾಧಿ ಕೋಲ್ಕತ್ತೆಯ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ. ಆಂಗಲ್‌ಸೀಯ ಅಜ್ಜ ಶೋನ್‌ನ ಹೆಸರು ಜೋನ್ಸ್ ಎಂಬ ರೂಪದಲ್ಲಿ ಮೊಮ್ಮಗನ ಜೊತೆ ಅಲ್ಲಿಯವರೆಗೆ ಬಂದಿತು. ಮುತ್ತಜ್ಜ ಶೋರ್‌ನ ಹೆಸರು ಕವಿಗಳ ಊರಿನಲ್ಲೇ ಉಳಿಯಿತು.