ಆಕಾಶದಲ್ಲಿ ಸಂಕೋಚ ಬೇಡ

ನಮಸ್ಕಾರ ಕೇಳುಗರೇ. ವಿಮಾನಕ್ಕೆ ತೊಂದರೆ ಬಂದ ತಕ್ಷಣ ಪೈಲಟ್ ರೇಡಿಯೋದಲ್ಲಿ ಕೂಗುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮೊದಲು ವಿಮಾನ ಹತೋಟಿಗೆ ಬರಬೇಕು. ಆಮೇಲೆ ಎತ್ತ ಹೋಗುವುದು ಅಂತ ತೀರ್ಮಾನವಾಗಬೇಕು. ಮಾತು ಮೂರನೆಯದು. ಆದರೆ ಆಡುವ ಮಾತು ನೇರವಾಗಿರಬೇಕು. ನಾನು ಇವತ್ತು ಹೇಳಲು ಬಂದಿರುವುದು ಇದೊಂದನ್ನೇ.

ಕೆಳಗೆ ಕೂತು ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗೆ ಕಾಣುವುದು ಪರದೆಯ ಮೇಲಿನ ಒಂದು ಗುರುತು, ಪಕ್ಕದಲ್ಲಿ ಎತ್ತರ, ವೇಗ. ಟ್ಯಾಂಕಿನಲ್ಲಿ ಇಂಧನ ಎಷ್ಟಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

1990ರ ಜನವರಿ 25. ಕೊಲಂಬಿಯಾದಿಂದ ಏವಿಯಾಂಕಾ 52 ಅನ್ನುವ ವಿಮಾನ ನ್ಯೂಯಾರ್ಕಿಗೆ ಬರುತ್ತಿತ್ತು. ಹವಾಮಾನ ಕೆಟ್ಟಿತ್ತು. ಒಟ್ಟು 1 ಗಂಟೆ 17 ನಿಮಿಷ ಆಕಾಶದಲ್ಲೇ ಸುತ್ತು ಹಾಕಿಸಿದರು. ‘ನಮಗೆ ಪ್ರಯಾರಿಟಿ ಬೇಕು ಅನಿಸುತ್ತದೆ’ ಅಂದರು ಸಹ ಪೈಲಟ್. ಅನಿಸುತ್ತದೆ! ಇಳಿಯುವ ಮೊದಲ ಪ್ರಯತ್ನ ವಿಫಲವಾಯಿತು. ಎಮರ್ಜೆನ್ಸಿ ಅಂತ ಹೇಳು ಅಂದರು ಕ್ಯಾಪ್ಟನ್. ಸಹ ಪೈಲಟ್ ಹೇಳಿದ್ದೇನು ಗೊತ್ತಾ? ಕಂಟ್ರೋಲರ್ ತಿರುಗಲು ಹೇಳಿದ ದಿಕ್ಕನ್ನೇ ಮತ್ತೆ ಹೇಳಿ, ಇನ್ನೊಮ್ಮೆ ಪ್ರಯತ್ನಿಸುತ್ತೇವೆ ಅಂದು, ಕೊನೆಗೆ ‘ಇಂಧನ ಮುಗಿಯುತ್ತಿದೆ’ ಅಂತ ಸೇರಿಸಿದರು. ಕಂಟ್ರೋಲರ್ ‘ಓಕೆ’ ಅಂದರು. ಹದಿನೈದು ಮೈಲಿ ಆಚೆ ಕರೆದೊಯ್ದು ತಿರುಗಿಸುತ್ತೇನೆ, ಇಂಧನ ಸಾಕಾಗುತ್ತದಾ ಅಂತ ಆಮೇಲೆ ಇನ್ನೊಬ್ಬ ಕಂಟ್ರೋಲರ್ ಕೇಳಿದರು ಕೂಡ. ಬಂದ ಉತ್ತರ: ‘ಆಗಬಹುದು, ತುಂಬಾ ಥ್ಯಾಂಕ್ಸ್.’ ಸ್ವಲ್ಪ ಹೊತ್ತಿಗೆ ಎಂಜಿನ್‌ಗಳು ಒಂದೊಂದಾಗಿ ನಿಂತವು. 158 ಜನರಲ್ಲಿ 73 ಮಂದಿ ಸತ್ತರು.

ಮರ್ಯಾದೆ ಒಳ್ಳೆಯದೇ, ಆದರೆ ಅಲ್ಲಿ ಬೇಡ. ಪ್ರಾಣಾಪಾಯವಿದೆ ಅಂತ ಸಾರುವ ತುರ್ತು ಕರೆ ಇದೆ: ಮೇಡೇ, ಮೇಡೇ, ಮೇಡೇ ಅಂದುಬಿಡಬೇಕು. ಆಗ ಉಳಿದವರು ಆ ಫ್ರೀಕ್ವೆನ್ಸಿಯಲ್ಲಿ ಬಾಯಿ ಮುಚ್ಚುತ್ತಾರೆ, ದಾರಿ ತೆರವಾಗುತ್ತದೆ. ಈಗಂತೂ ಇಂಧನಕ್ಕೇ ‘ಮೇಡೇ ಫ್ಯುಯೆಲ್’ ಅಂತ ಹೇಳುವ ನಿಯಮವಿದೆ.

ಸಮಯ ಕಡಿಮೆ ಇದೆ, ಆದರೂ ಇದನ್ನು ಹೇಳಲೇಬೇಕು. 2009ರಲ್ಲಿ ಯುಎಸ್ ಏರ್‌ವೇಸ್ 1549 ವಿಮಾನದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಹೇಳಿದ್ದು ಇಷ್ಟೇ: ಮೇಡೇ, ಹಕ್ಕಿ ಬಡಿದಿವೆ, ಎರಡೂ ಎಂಜಿನ್ ಹೋಗಿವೆ, ವಾಪಸ್ ಬರುತ್ತಿದ್ದೇವೆ. ಕಂಟ್ರೋಲರ್ ತಕ್ಷಣ ಆ ವಿಮಾನ ಹೊರಟಿದ್ದ ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದ ಟವರ್‌ಗೆ ಹೇಳಿ ಟೇಕಾಫ್ ನಿಲ್ಲಿಸಿದರು, ಒಂದಾದ ಮೇಲೊಂದು ರನ್‌ವೇ ಕೊಡಲು ಮುಂದಾದರು. ಅಷ್ಟು ದೂರ ಹೋಗಲು ಎತ್ತರ ಸಾಲದು ಅಂತ ಕ್ಯಾಪ್ಟನ್‌ಗೆ ಗೊತ್ತಿತ್ತು. ಹಡ್ಸನ್ ನದಿಗೆ ಇಳಿಯುತ್ತೇವೆ ಅಂದರು, ಇಳಿಸಿದರು. 155 ಜನರೂ ಬದುಕಿದರು.