ಡಿಸ್ಟ್ರಿಬ್ಯೂಟರ್ ಪಕ್ಕದ ಸಣ್ಣ ಪೈಪು ಎಲ್ಲಿಗೆ ಹೋಗಬೇಕು?

(ಬಾನೆಟ್ ತೆರೆದ ಗಾಡಿ. ಕ್ಯಾಮೆರಾ ಡಿಸ್ಟ್ರಿಬ್ಯೂಟರ್ ಹತ್ತಿರ.)

ನಮಸ್ಕಾರ, ಮಡಿಕೇರಿಯಿಂದ. ಸೋಮವಾರಪೇಟೆಯ ಒಬ್ಬರು ಫೋಟೋ ಕಳಿಸಿದ್ದಾರೆ. "ಅಣ್ಣಾ, ತೋಟದ ಕಾರ್ಬುರೇಟರ್ ಜಿಪ್ಸಿಯಲ್ಲಿ ಈ ಪೈಪು ಸುಮ್ನೆ ನೇತಾಡ್ತಿದೆ. ಗಾಡಿ ಓಡ್ತಿದೆ ಅಲ್ವಾ, ಬಿಟ್ಟುಬಿಡಲಾ?"

ಬಿಡಬೇಡಿ. ಅದು ವ್ಯಾಕ್ಯೂಮ್ ಅಡ್ವಾನ್ಸ್ ಪೈಪು. ಎಂಜಿನ್ ಗಾಳಿ ಎಳೆಯುವಾಗ ಆಗೋ ಎಳೆತದಿಂದ, ಅಂದರೆ ವ್ಯಾಕ್ಯೂಮ್‌ನಿಂದ, ಬೇಕಾದಾಗ ಸ್ಪಾರ್ಕ್ ಬೇಗ ಬರೋ ಹಾಗೆ ಮಾಡೋದು ಅದರ ಕೆಲಸ.

ಡಿಸ್ಟ್ರಿಬ್ಯೂಟರ್ ಸ್ಪಾರ್ಕ್ ಹಂಚುತ್ತೆ, ಅದು ಗೊತ್ತು. ಯಾವಾಗ ಅನ್ನೋದೇ ಇವತ್ತಿನ ವಿಷಯ.

ನಮ್ಮ ಮಳೆಗಾಲ ನೆನಪಿಸಿಕೊಳ್ಳಿ. ಏಳು ಗಂಟೆಗೆ ಹಂಡೆ ನೀರು ಕಾದಿರಬೇಕು. ಒಣ ಸೌದೆಯಾದರೆ ಆರೂವರೆಗೆ ಒಲೆ ಹಚ್ಚಿದರೆ ಸಾಕು. ಜುಲೈ ತಿಂಗಳ ಒದ್ದೆ ಸೌದೆ? ಹೊಗೆಯಾಡಿ, ತುದಿಯಲ್ಲಿ ನೊರೆ ಉಕ್ಕಿ, ಆಮೇಲೆ ಹತ್ತಿಕೊಳ್ಳುತ್ತೆ. ಆರಕ್ಕೇ ಹಚ್ಚಬೇಕು. ಸ್ನಾನದ ಹೊತ್ತು ಅದೇ. ಬೆಂಕಿ ಹಚ್ಚೋ ಹೊತ್ತು ಮಾತ್ರ ಬೇರೆ.

ಎಂಜಿನ್‌ನಲ್ಲೂ ಹಾಗೇ. ಕುಶಾಲನಗರ ದಾಟಿ, ಸಮತಟ್ಟು ರಸ್ತೆಯಲ್ಲಿ ಕಾಲು ಹಗುರವಾಗಿಟ್ಟು ಹೋಗುವಾಗ ಸಿಲಿಂಡರ್‌ಗೆ ಗಾಳಿ, ಪೆಟ್ರೋಲ್ ಎರಡೂ ಕಮ್ಮಿ. ಆ ಮಿಶ್ರಣ ನಿಧಾನಕ್ಕೆ ಉರಿಯುತ್ತೆ, ಹಾಗಾಗಿ ಸ್ಪಾರ್ಕ್ ಬೇಗ ಬೇಕು. ಆಗ ವ್ಯಾಕ್ಯೂಮ್ ಜಾಸ್ತಿ. ಅದು ಡಿಸ್ಟ್ರಿಬ್ಯೂಟರ್ ಪಕ್ಕದ ಈ ಡಬ್ಬಿಯೊಳಗಿನ ಡಯಾಫ್ರಮ್, ಅಂದರೆ ರಬ್ಬರ್ ಹಾಳೆ ಎಳೆದು, ಒಳಗೆ ತಿರುಗೋ ರೋಟರ್‌ಗೆ ಎದುರು ದಿಕ್ಕಿನಲ್ಲಿ, ಸ್ಪಾರ್ಕ್ ಹೊತ್ತು ನಿರ್ಧರಿಸೋ ಪ್ಲೇಟ್ ತಿರುಗಿಸುತ್ತೆ. ಸ್ಪಾರ್ಕ್ ಬೇಗ ಬರುತ್ತೆ. ಸಂಪಾಜೆ ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ವ್ಯಾಕ್ಯೂಮ್ ಬೀಳುತ್ತೆ, ಪ್ಲೇಟ್ ವಾಪಸ್. ಹಾಗಾಗದಿದ್ದರೆ ಎಂಜಿನ್ ಕಟಕಟ ಬಡಿದುಕೊಳ್ಳುತ್ತೆ. ಎಷ್ಟು ಚಂದದ ಕೆಲಸ ನೋಡಿ, ಒಂದು ರಬ್ಬರ್ ಹಾಳೆ, ಒಂದು ಸ್ಪ್ರಿಂಗ್!

(ಎಂಜಿನ್ ಆಫ್. ಕ್ಯಾಪ್ ತೆಗೆದಿದೆ.)

ಪೈಪನ್ನು ಬಾಯಲ್ಲಿಟ್ಟು ಎಳೀತೀನಿ. ಪ್ಲೇಟ್ ಒಂದು ಚೂರು ಜರುಗಿತು, ಕಂಡಿತಾ? ತುದಿಗೆ ನಾಲಿಗೆ ಒತ್ತಿ ಹಿಡಿದರೆ ಅಲ್ಲೇ ನಿಲ್ಲಬೇಕು. ಮೆಲ್ಲಗೆ ಹಿಂದೆ ಬಂದರೆ ಡಯಾಫ್ರಮ್ ಹರಿದಿದೆ ಅಥವಾ ಪೈಪು ಸೀಳಿದೆ.

ಹೊತ್ತಾಯಿತು, ಉಳಿದದ್ದು ಬೇಗ ಹೇಳ್ತೀನಿ. ಪೈಪಿನ ಇನ್ನೊಂದು ತುದಿಯನ್ನು ಕಾರ್ಬುರೇಟರ್‌ನಲ್ಲಿ ಥ್ರಾಟಲ್ ತಟ್ಟೆಗಿಂತ (ಆಕ್ಸಿಲರೇಟರ್ ಒತ್ತಿದಾಗ ತೆರೆಯೋದು) ಸ್ವಲ್ಪ ಮೇಲಿನ ತೂತಿಗೆ ಹಾಕಿದರೆ ಐಡ್ಲಿಂಗ್‌ನಲ್ಲಿ ಎಳೆತ ಇರಲ್ಲ. ಮ್ಯಾನಿಫೋಲ್ಡ್‌ಗೆ (ಕಾರ್ಬುರೇಟರ್‌ನಿಂದ ಸಿಲಿಂಡರ್‌ಗೆ ಮಿಶ್ರಣ ಒಯ್ಯೋ ಕೊಳವೆ) ಹಾಕಿದರೆ ಐಡ್ಲಿಂಗ್‌ನಲ್ಲೂ ಇರುತ್ತೆ, ಆರ್‌ಪಿಎಂ ಏರುತ್ತೆ. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗಕ್ಕೇ ಹಾಕಿ. ಟೈಮಿಂಗ್, ಅಂದರೆ ಸ್ಪಾರ್ಕ್ ಬರೋ ಹೊತ್ತು ಕೂಡ ಅದರಲ್ಲಿರೋ ಹಾಗೇ ಇಡಿ. ಎಷ್ಟೋ ಗಾಡಿಗಳಲ್ಲಿ ಟೈಮಿಂಗ್ ಇಡುವಾಗ ಪೈಪು ಬಿಚ್ಚಿ, ಕಾರ್ಬುರೇಟರ್ ಕಡೆಯ ಬಾಯಿ ಮುಚ್ಚಬೇಕು.

ವ್ಯಾಕ್ಯೂಮ್ ಗೇಜ್ (ಎಳೆತ ಅಳೆಯೋ ಮೀಟರ್) ಹಾಕುವವರಿಗೆ ಒಂದು ಮಾತು. ಮಡಿಕೇರಿ ಸುಮಾರು 3,800 ಅಡಿ ಎತ್ತರದಲ್ಲಿದೆ. ಪ್ರತಿ 1,000 ಅಡಿಗೆ ವ್ಯಾಕ್ಯೂಮ್ ರೀಡಿಂಗ್ ಹೆಚ್ಚುಕಮ್ಮಿ ಒಂದು ಇಂಚು (ಪಾದರಸದ ಅಳತೆಯಲ್ಲಿ) ಇಳಿಯುತ್ತೆ. ಮಂಗಳೂರಿನಲ್ಲಿ 18 ತೋರಿಸಿದ ಗಾಡಿ ಇಲ್ಲಿ 14 ತೋರಿಸಿದರೆ ಎಂಜಿನ್ ಬಿಚ್ಚಿಸಬೇಡಿ.